ಎತ್ತಿಕೊಳ್ಳದ ಕೈಗಳು

ಮೇಜಿನ ಕೆಳಗೆ ಮುದುಡಿ ಕೂತಿದ್ದ ಅವಳನ್ನು ಅವನು ಹತ್ತಿ ಮೂಟೆಯ ಹಾಗೆ ಎತ್ತಿಕೊಂಡು ಬಾಗಿಲ ತನಕ ಒಯ್ದುಬಿಟ್ಟ. ತರಬೇತಿ ಕೊಠಡಿಯೆಲ್ಲ ಗೊಳ್ಳೆಂದು ನಕ್ಕಿತು.

ಅವನನ್ನಾದರೂ ಏನನ್ನುವುದು? ಫೈರ್ ಸ್ಟೇಷನ್ನಿನವನು, ಹೊಗೆಯೊಳಗಿಂದ ಜನರನ್ನು ಎತ್ತಿ ತಂದೇ ಅಭ್ಯಾಸ. ಅವಳು, ಆಘಾತಕ್ಕೆ ಸಿಕ್ಕ ಮಕ್ಕಳ ಜೊತೆ ಹೇಗಿರಬೇಕೆಂದು ನರ್ಸು, ಟೀಚರು, ಪೊಲೀಸರಿಗೆ ಕಲಿಸುವವಳು. ಪ್ರತಿ ತಂಡದಲ್ಲೂ ತಾನೇ ಹೆದರಿದ ಮಗುವಾಗಿ ಮೇಜಿನ ಕೆಳಗೆ ಕೂರುವುದು ಅವಳ ಪದ್ಧತಿ. ಇದುವರೆಗೆ ಯಾರೂ ಅವಳನ್ನು ಎತ್ತಿಕೊಂಡಿರಲಿಲ್ಲ.

"ಇಳಿಸ್ತೀರಾ?"

"ಎಲ್ಲಿ ಇಳಿಸ್ಲಿ ಮೇಡಂ?"

"ನೆಲ ಅಂತ ಒಂದಿದೆಯಲ್ಲ, ಅಲ್ಲಿ."

ಇಳಿಸಿದ. ಅವನ ಕಿವಿ ಕೆಂಪಗಾಗಿತ್ತು. ಅವಳು ನಗು ನುಂಗಿಕೊಂಡು ಹೇಳಿದಳು: "ಬೆಂಕಿ ಆರಿದ ಮೇಲೆ ಮಗುಗೆ ಎತ್ತೋ ಕೈ ಬೇಡ. ತಾನಾಗೇ ಬರೋಕೆ ಜಾಗ ಬೇಕು. ನೀವು ಫೇಲ್."

ಊಟದ ಬಿಡುವಿನಲ್ಲಿ ಅವನೇ ಬಂದು ಎದುರಿಗೆ ಕೂತ. "ಫೇಲ್ ಆದೋರಿಗೆ ಟ್ಯೂಷನ್ ಇದೆಯಾ?"

ತಮಾಷೆಯಿರಬೇಕೆಂದು ಕಣ್ಣೆತ್ತಿದರೆ ಅವನು ನಗುತ್ತಿರಲಿಲ್ಲ. ಅಕ್ಕನ ಮನೆಗೆ ಬೆಂಕಿ ಬಿದ್ದಾಗ ಅಕ್ಕನ ಮಗಳನ್ನು ಹೊರಗೆ ತಂದವನು ಅವನೇ. ಅಂದಿನಿಂದ ಅವನ ಮುಖ ಕಂಡರೆ ಸಾಕು, ಮಗು ಕಿರುಚಿ ಒಳಗೆ ಓಡುತ್ತದೆ.

"ಮಾಮ ಮಾಮ ಅಂತ ಬೆನ್ನು ಬಿಡ್ತಿರ್ಲಿಲ್ಲ ಅವಳು. ಊರೆಲ್ಲ ನನ್ನ ಹೀರೋ ಅಂತಾರೆ ಮೇಡಂ. ಅವಳಿಗೆ ಮಾತ್ರ ನಾನೇ ಬೆಂಕಿ."

ಅವಳು ಊಟದ ಡಬ್ಬಿ ಮುಚ್ಚಿ, "ಸಂಜೆ ಕ್ಲಾಸ್ ಮುಗಿದ್ಮೇಲೆ ಇಲ್ಲೇ ಇರಿ," ಎಂದಳು.

ಟ್ಯೂಷನ್ ನಡೆಯಿತು. ಇವನಿಗೆ ಕಾಯುವುದನ್ನು ಕಲಿಸುವ ಬದಲು ಬಂಡೆಗೆ ಈಜು ಕಲಿಸಬಹುದಿತ್ತು. ಸುಮ್ಮನಿರಿ ಎಂದರೆ ಕೆಮ್ಮುತ್ತಿದ್ದ. ದಿಟ್ಟಿಸಬೇಡಿ ಎಂದರೆ ಅವಳನ್ನೇ ನೋಡುತ್ತಿದ್ದ.

"ನಾನೀಗ ಮಗು. ನೆಲ ನೋಡಿ."

"ನೆಲ ಅಷ್ಟೇನು ಚೆನ್ನಾಗಿಲ್ಲ ಮೇಡಂ."

ಅವಳು ತಿರುಗಿ ಬೋರ್ಡು ಒರೆಸಿದಳು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ.

ಆಮೇಲೆ ಅಕ್ಕನ ಹೊಸ ಬಾಡಿಗೆ ಮನೆಯಲ್ಲಿ ಭಾನುವಾರಗಳು ಶುರುವಾದವು. "ಮಾಮ ಹಾಲ್‌ನಲ್ಲಿ ಕೂತಿರ್ತಾನೆ, ನಿನ್ನ ಹತ್ರ ಬರಲ್ಲ" ಎಂದು ಅಕ್ಕ ಮಗಳಿಗೆ ಮೊದಲೇ ಹೇಳಿರುತ್ತಿದ್ದಳು. ಅವನು ಮಗುವಿನ ಕೋಣೆಗೆ ಬೆನ್ನು ಮಾಡಿ, ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದ. ಅಕ್ಕ ಕರೆದಿದ್ದಕ್ಕೆ ಅವಳೂ ಬಂದು ಅಡುಗೆಮನೆಯಿಂದ ನೋಡುತ್ತಿದ್ದಳು. ರಾಶಿ ರಾಶಿ ಬಟಾಣಿ ಖರ್ಚಾಯಿತೇ ಹೊರತು ಕೋಣೆಯ ಬಾಗಿಲು ತೆರೆಯಲಿಲ್ಲ.

ಒಂದು ಭಾನುವಾರ ತೆರೆಯಿತು. ಹೊದಿಕೆ ಎಳೆದುಕೊಂಡು ಹೊರಬಂದ ಮಗು ಅದಕ್ಕೇ ಕಾಲು ಸಿಕ್ಕಿ ದೊಪ್ಪನೆ ಕೂತುಬಿಟ್ಟಿತು.

ಅವನ ಕೈಗಳು ಥಟ್ಟನೆ ಎದ್ದವು. ಆ ಕೈಗಳು ಗಾಳಿಯಲ್ಲೇ ನಿಂತು, ಮೆಲ್ಲಗೆ ಬಟಾಣಿಗೆ ಮರಳಿದವು.

"ನಾನಿಲ್ಲೇ ಇದ್ದೀನಿ ಪುಟ್ಟಿ," ಎಂದ, ತಿರುಗದೆ.

ಮಗು ತಾನೇ ಎದ್ದಿತು. ಬಂದು ಅವನ ಬೆನ್ನಿಗೆ ತನ್ನ ಬೆನ್ನು ಆನಿಸಿ ಕೂತು, ಒಂದು ಕಾಯಿ ಬಿಡಿಸಿತು.

"ಮಾಮ, ಇದ್ರಲ್ಲಿ ಹುಳ ಇದೆ."

"ಇರ್ಲಿ ಬಿಡೇ. ಅದಕ್ಕೂ ಒಂದು ಮನೆ ಬೇಡ್ವಾ?"

ಮಗು ಕಿಸಕ್ಕೆಂದಿತು. ಅಡುಗೆಮನೆಯಲ್ಲಿ ಅವಳ ಪಕ್ಕ ನಿಂತಿದ್ದ ಅಕ್ಕ ಕಣ್ಣೊರೆಸಿಕೊಂಡಳು. "ನನ್ನ ತಮ್ಮ ಎಷ್ಟೋ ಬೆಂಕಿ ಆರಿಸಿದ್ದಾನೆ ಕಣ್ರೀ. ದೊಡ್ಡ ಕೆಲಸ ಮಾಡಿದ್ದು ಮಾತ್ರ ಇವತ್ತು."

ಕಲಿಸಿದವಳ ಎದೆ ತುಂಬಿ ಬಂತು. ಶಿಷ್ಯ ಗೆದ್ದ ಹೆಮ್ಮೆ ಅವಳಿಗೆ ಹೊಸದಲ್ಲ. ಆದರೆ ಆ ಹೆಮ್ಮೆಗೆ ಎದೆ ಹೀಗೆ ಡವಗುಟ್ಟುವುದಿಲ್ಲ.

ಬೀಳ್ಕೊಡಲು ಅವನು ಮೆಟ್ಟಿಲಿಳಿದು ಬಂದ.

"ನಿಮಗೊಂದು ಮಾತು ಹೇಳ್ಬೇಕಿತ್ತು. ಸರಿಯಾದ ಹೊತ್ತು ಬರ್ಲಿ ಅಂತ ಕಾಯ್ತಾನೇ ಇದ್ದೀನಿ."

"ಅಯ್ಯೋ, ಕಾಯೋದನ್ನ ಸ್ವಲ್ಪ ಜಾಸ್ತಿನೇ ಕಲಿಸ್ಬಿಟ್ಟೆ ಅನ್ಸುತ್ತೆ." ಅವಳು ಅವನನ್ನು ನೇರವಾಗಿ ನೋಡಿದಳು. "ನನ್ನ ಶಿಷ್ಯರು ಅಂತ ಎಷ್ಟೋ ಜನರ ಬಗ್ಗೆ ಹೇಳ್ಕೊಂಡು ಮೆರೆದಿದ್ದೀನಿ. ನಿಮ್ಮನ್ನ ಬರೀ ನನ್ನವರು ಅಂತ ಹೇಳ್ಕೋಬೇಕು ಅನ್ಸುತ್ತೆ. ಹೇಳ್ಕೊಳ್ಳಾ?"

ಉರಿಯುವ ಕಟ್ಟಡ ಹತ್ತಿದವನು ಕೊನೆಯ ಮೆಟ್ಟಿಲು ಎಡವಿದ. ಹೂಂ, ಹೂಂ ಎಂದು ಮತ್ತೆ ಮತ್ತೆ ತಲೆಯಾಡಿಸಿದ.

ಮೇಲೆ ಬಾಗಿಲಲ್ಲಿ ನಿಂತು ಅಕ್ಕ ಮಗಳಿಗೆ ಹೇಳಿಕೊಡುತ್ತಿದ್ದಳು: "ಆಂಟಿ ಅನ್ಬಾರ್ದು ಪುಟ್ಟಿ. ಅತ್ತೆ ಅನ್ನು."

ತಿದ್ದುವುದೇ ಕಸುಬಾದ ಅವಳು ಆ ಮಾತನ್ನು ಮಾತ್ರ ತಿದ್ದಲು ಹೋಗಲಿಲ್ಲ.