ಮೊದಲ ಸೂಜಿಯಿಂದ ಎಣಿಕೆ

ಚಲಪತಿಗೆ ಗುಡಿಸುವ ಕೆಲಸ ಕೊಟ್ಟರು. ಕೊಟ್ಟವರು ಹಾಗೆ ಹೇಳಲಿಲ್ಲ. "ನಿನ್ನಷ್ಟು ಹಳಬ ಇನ್ನೊಬ್ಬನಿಲ್ಲ ಕಣಪ್ಪ, ಫೈಲೆಲ್ಲ ನೀನೇ ಕೂತ್ಕಂಡು ಜೋಡಿಸ್ಬೇಕು" ಎಂದು ಮ್ಯಾನೇಜರ್ ವೆಂಕಟೇಶಪ್ಪ ಹೆಗಲು ತಟ್ಟಿದರು. ಆದರೆ ಅದೇ ವಾರ ತಂಡದ ಮುಖ್ಯಸ್ಥೆಯ ಕುರ್ಚಿಯಲ್ಲಿ ಮೇಘಶ್ರೀಯನ್ನು ಕೂರಿಸಿದ್ದರು. ಕುರ್ಚಿ ಅವಳಿಗೆ, ಪೊರಕೆ ತನಗೆ ಎಂದು ಚಲಪತಿ ಅರ್ಥ ಮಾಡಿಕೊಂಡ.

ಮೂಕಂಡಪಲ್ಲಿಯ ಆ ಹಾಲಿನ ಕಂಪನಿಗೆ ಸುತ್ತಲಿನ ಹಳ್ಳಿಗಳ ಸೆಂಟರುಗಳಿಂದ ಹಾಲು ಬರುವುದಕ್ಕೆ ಮುಂಚೆ ಅದರ ಮಾಹಿತಿ ಬರುತ್ತಿತ್ತು. ಯಾರ ಹಸು, ಎಷ್ಟು ಹಾಲು, ಎಷ್ಟು ಜಿಡ್ಡು, ಯಾವ ಹಸುವಿಗೆ ಯಾವಾಗ ಸೂಜಿ. ಬಂದದ್ದನ್ನು ಸೋಸಿ, ತಿದ್ದಿ, ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿ ಮಾಡುವ ಸಾಲುಗಳನ್ನು ಮಹಡಿಯ ಮೇಲಿನ ಕೋಣೆಯಲ್ಲಿ ಕೂತು ಬರೆಯುವುದು ಚಲಪತಿಯ ಕೆಲಸ. ಅಂಥ ಒಂದೊಂದು ಫೈಲಿಗೂ ಅವರು ಮಾಡೆಲ್ ಎನ್ನುತ್ತಿದ್ದರು. ನಾಲ್ಕು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಮಾಡೆಲ್‌ಗಳು ಒಂದೇ ಫೋಲ್ಡರಿನಲ್ಲಿ ತಿಪ್ಪೆಯಂತೆ ಸೇರಿಕೊಂಡಿದ್ದವು. ಕೆಲವು ನಡೆಯುತ್ತಿದ್ದವು, ಕೆಲವು ಸತ್ತು ವರ್ಷವಾಗಿತ್ತು.

ಮೇಘಶ್ರೀ ಬಿಳಿ ಹಲಗೆಯ ಮೇಲೆ ನಾಲ್ಕು ಚೌಕ ಬರೆದು ತೋರಿಸಿದಳು. ಹಳ್ಳಿಯಿಂದ ಬಂದ ಹಾಗೇ ಇರುವುದು ಒಂದು ಫೋಲ್ಡರಿಗೆ. ಸೋಸುವುದು, ಕೂಡಿಸುವುದು ನಡುವಿನ ಫೋಲ್ಡರಿಗೆ. ಸೆಂಟರಿನ ತೆರೆಯ ಮೇಲೆ ಕಾಣುವುದು ಕೊನೆಯ ಫೋಲ್ಡರಿಗೆ. ಇನ್ನು ಬೇಡವಾದದ್ದೆಲ್ಲ ‘ಹಳೆಯದು’ ಎಂಬ ಫೋಲ್ಡರಿಗೆ. ಅದರೊಳಗೆ ಇಟ್ಟದ್ದು ಓಡುವುದಿಲ್ಲ. "ಹೆಸರುಗಳನ್ನೂ ಒಂದೇ ಥರ ಮಾಡಿಬಿಡಿ ಚಲಪತಿ ಅವರೇ" ಎಂದಳು. ಚನ್ನರಾಯಪಟ್ಟಣದ ಕಡೆಯವಳು, ಮಾತು ಮೆತ್ತಗೆ. ಅವಳ ಊಟದ ಡಬ್ಬಿಯಿಂದ ಬೆಳ್ಳುಳ್ಳಿ ಚಟ್ನಿಯ ವಾಸನೆ ಬರುತ್ತಿತ್ತು. ಅದು ತನ್ನ ಅಂಗಿಗೂ ಮೆತ್ತಿಕೊಂಡಿದೆ ಎಂದು ಚಲಪತಿಗೆ ಸಂಜೆಯವರೆಗೂ ಅನ್ನಿಸುತ್ತಿತ್ತು.

ವಾಸನೆ ಅವನಿಗೆ ಮೊದಲಿನಿಂದಲೂ ಆಗದು. ಅಪ್ಪ ಮುತ್ತರಾಯಪ್ಪನ ಕೊಟ್ಟಿಗೆಯಲ್ಲಿ ಗಂಜಲ ಬಳಿದು ಬೆಳೆದವನು, ಈಗ ದಿನಕ್ಕೆ ಹತ್ತು ಸಲ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ಹಾಲಿನ ಕಂಪನಿಯಲ್ಲಿದ್ದರೂ ಕೆಳಗಿನ ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಕ್ಯಾನಿನ ಮುಚ್ಚಳದ ಅಂಚಿಗೆ ಕಟ್ಟಿದ ಹಳದಿ ಜಿಡ್ಡು ಕಂಡರೆ ಮುಖ ತಿರುಗಿಸಿ ನಲ್ಲಿಯ ಕಡೆ ನಡೆಯುತ್ತಿದ್ದ.

ಗುಡಿಸುವುದಕ್ಕೆ ಕೂತ ಮೂರನೆಯ ದಿನ ತಡೆಪಟ್ಟಿಯ ಎರಡು ಫೈಲುಗಳು ಅವನ ಕೈಗೆ ಸಿಕ್ಕವು.

ಹಸುವಿಗೆ ಕೆಚ್ಚಲು ಬಾವು ಬಂದರೆ ಮೂರು ದಿನ ಸೂಜಿ ಹಾಕುತ್ತಾರೆ. ಆ ಔಷಧಿ ಹಾಲಿಗಿಳಿಯುತ್ತದೆ. ಕೊನೆಯ ಸೂಜಿಯಿಂದ ನಾಲ್ಕು ದಿನ ಆ ಹಸುವಿನ ಹಾಲನ್ನು ಸೆಂಟರಿನಲ್ಲಿ ಹಾಕಿಸಿಕೊಳ್ಳಬಾರದು; ತೆರೆಯ ಮೇಲೆ ಆ ಮನೆಯ ಹೆಸರು ಕೆಂಪಾಗಿ ಬರಬೇಕು. ಎರಡು ಫೈಲುಗಳಲ್ಲಿ ಒಂದು ಹಾಗೇ ಮಾಡುತ್ತಿತ್ತು. ಇನ್ನೊಂದು, ನಿಂತು ಬಹುಕಾಲವಾಗಿದ್ದ ಹಳೆಯದು, ನಾಲ್ಕು ದಿನವನ್ನು ಮೊದಲ ಸೂಜಿಯಿಂದ ಎಣಿಸುತ್ತಿತ್ತು. ಅಂದರೆ ಕೊನೆಯ ಸೂಜಿಯಾದ ಎರಡೇ ದಿನಕ್ಕೆ ಹೆಸರು ಹಸಿರಾಗಿ, ಗರಣೆ ಗರಣೆಯಾದ ಹಾಲು, ಕೀವಿನ ಎಳೆ ಇನ್ನೂ ಬಿಡದ ಹಾಲು, ಔಷಧಿ ಸಮೇತ ಕ್ಯಾನಿಗೆ ಬೀಳುತ್ತಿತ್ತು.

ಯಾರದಿದು ಎಂದು ಚಲಪತಿ ಮೇಲಕ್ಕೆ ನೋಡಿದ. ಎರಡು ಫೈಲಿನ ನೆತ್ತಿಯಲ್ಲೂ ‘ಹೊಣೆ: ಮೇಘಶ್ರೀ’ ಎಂದಿತ್ತು. ಕೊನೆಯದಾಗಿ ಮುಟ್ಟಿದವರ ಹೆಸರಿನ ಜಾಗದಲ್ಲೂ ಅವಳದೇ ಹೆಸರು. ಇಂಥ ಹೊಲಸು ಬರೆದವಳು ತನ್ನ ಮೇಲೆ ಕೂತಿದ್ದಾಳೆ. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವವನ ಹಾಗೆ ಆ ಫೈಲನ್ನು ಎರಡು ಬೆರಳಲ್ಲಿ ಸರಿಸಿ ನೋಡಿ ಮುಚ್ಚಿದ. ಎರಡನೆಯ ಸಲ ತೆರೆಯಲು ಮನಸ್ಸು ಬರಲಿಲ್ಲ.

ಬಿಸಾಡುವುದಕ್ಕೂ ಕೈ ಬರಲಿಲ್ಲ.

ಉಪಾಯ ನಿಧಾನವಾಗಿ ಬಲಿಯಿತು. ಅವನು ಒಂದು ಸಾಲನ್ನೂ ಬರೆಯಬೇಕಿರಲಿಲ್ಲ. ಬರೆದರೆ ಗುರುತು ಉಳಿಯುತ್ತದೆ. ಸರಿಯಾದ ಫೈಲನ್ನು ‘ಹಳೆಯದು’ ಫೋಲ್ಡರಿಗೆ, ಕೆಟ್ಟದ್ದನ್ನು ನಡುವಿನ ಫೋಲ್ಡರಿಗೆ ಇಟ್ಟರೆ ಸಾಕು. ಹೆಸರು ಬದಲಿಸುವ ಅಪ್ಪಣೆ ಹೇಗೂ ಇತ್ತು. ಇನ್ನೂರ ಹದಿನಾಲ್ಕು ಫೈಲುಗಳು ಜಾಗ ಬದಲಿಸುವ ಗದ್ದಲದಲ್ಲಿ ಎರಡು ಫೈಲು ಅದಲುಬದಲಾದದ್ದು ಯಾರ ಕಣ್ಣಿಗೆ ಬೀಳಬೇಕು? ಒಪ್ಪಿಗೆ ಕೊಡುವವಳು ಮೇಘಶ್ರೀಯೇ. ಪ್ರತಿಯೊಂದರ ಮುಂದೆ ‘ಜಾಗ ಬದಲಾಗಿದೆ, ಒಳಗೆ ಏನೂ ಬದಲಾಗಿಲ್ಲ’ ಎಂದು ಬರುತ್ತದೆ. ಅದು ಸುಳ್ಳೂ ಅಲ್ಲ.

ಮುಂದಿನದನ್ನೂ ಅವನು ಹಂತ ಹಂತವಾಗಿ ಕಂಡ. ಔಷಧಿ ಬೆರೆತ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಕಟ್ಟುವುದಿಲ್ಲ. ಕೆಲಮಂಗಲದ ಕಡೆ ಕೆಚ್ಚಲು ಬಾವು ಎದ್ದ ಕಾಲ ಅದು. ಒಂದು ಮುಂಜಾನೆ ಮೊಸರಿನ ತೊಟ್ಟಿಗಳು ಕೆಡುತ್ತವೆ. ಮೇಲಿನವರು ತಡೆಪಟ್ಟಿ ಕೇಳುತ್ತಾರೆ. ಫೈಲು ತೆಗೆದರೆ ಹೊಣೆ ಮೇಘಶ್ರೀ, ಒಪ್ಪಿಗೆ ಮೇಘಶ್ರೀ. ತನ್ನನ್ನು ಕೇಳಿದರೆ ಒಂದೇ ಉತ್ತರ: ನಾನು ಜೋಡಿಸಿದವನು, ಬರೆದವನಲ್ಲ. ಒಂದೇ ಥರದ ಎರಡು ಫೈಲು ಬಿಟ್ಟವರು ಯಾರು? ಸಾಯುವವರು ಯಾರೂ ಇಲ್ಲ, ಮೊಸರು ತಾನೇ, ಎಂದುಕೊಂಡ.

ಶುಕ್ರವಾರ ಮಧ್ಯಾಹ್ನ ಊಟದ ಮುಂಚೆ ಎಲ್ಲವನ್ನೂ ಒಟ್ಟಿಗೆ ಕಳಿಸಿದ. ಮೇಘಶ್ರೀ ಡಬ್ಬಿ ಬಿಚ್ಚುತ್ತಲೇ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಎಳೆದು ನೋಡಿ, "ಎಷ್ಟು ಚೊಕ್ಕ ಮಾಡಿದ್ದೀರಿ" ಎಂದು ಒಪ್ಪಿಗೆ ಒತ್ತಿದಳು. ಒತ್ತಿದ ಬೆರಳಿಗೆ ಚಟ್ನಿ ಅಂಟಿತ್ತು.

ಮರುದಿನದಿಂದ ಚಲಪತಿ ಹಾಲು ಬಿಟ್ಟ. ಬೆಳಿಗ್ಗೆ ಕಾಫಿ ಲೋಟ ಇಟ್ಟ ಹೆಂಡತಿ ರಮಾದೇವಿಗೆ, "ನಂಗೆ ಬರೀ ಡಿಕಾಕ್ಷನ್ ಕೊಡು" ಎಂದ.

"ಯಾಕೆ, ನಿಮ್ ಕಂಪನಿ ಹಾಲು ನಿಮಗೇ ಒಗ್ದೇ ಹೋಯ್ತಾ?"

"ಹೊಟ್ಟೆ ಸರಿಯಿಲ್ಲ."

"ನಂಗೂ ಅತ್ತೆಗೂ ಒಗ್ತೈತೆ ಇದೇ ಹಾಲು. ಚೆನ್ನಾಗೈತೆ ಬಿಡಿ" ಎಂದು ಅವಳು ನಕ್ಕು ಅವನ ಲೋಟವನ್ನು ತಾನೇ ಕುಡಿದಳು. ಅವಳ ಮೇಲ್ದುಟಿಗೆ ಅಂಟಿದ ಕೆನೆಯನ್ನು ನೋಡಲಾರದೆ ಚಲಪತಿ ಎದ್ದು ಕೈ ತೊಳೆಯಲು ಹೋದ. ಬೇರೆ ಹಾಲು ತರಿಸು ಎಂದು ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಹೇಳಲಿಲ್ಲ.

ಬುಧವಾರ ಕೆಲಮಂಗಲದ ಸೆಂಟರಿನಿಂದ ಇಂದ್ರಮ್ಮ ಆಫೀಸಿನ ಫೋನಿಗೆ ಕರೆ ಮಾಡಿದಳು. ಹದಿನೈದು ವರ್ಷದಿಂದ ಹಾಲು ಅಳೆಯುವ ಹೆಂಗಸು.

"ಸಾರ್, ನಮ್ಮ ಕದಿರಪ್ಪನ ಹಸೂಗೆ ಮೊನ್ನೆಗಂಟ ಸೂಜಿ ಹಾಕವ್ರೆ. ಕೆಚ್ಲು ಇನ್ನೂ ಕಲ್ಲಾಗೈತಂತೆ. ಇಲ್ಲಿ ನೋಡುದ್ರೆ ಹೆಸ್ರು ಹಸ್ರಾಗ್ ಬತ್ತೈತೆ. ಕ್ಯಾನು ಪಕ್ಕಕ್ಕಿಕ್ಕಿವ್ನಿ. ಏನ್ ಮಾಡ್ಲಿ?"

"ತೆರೆ ಮೇಲೆ ಏನು ಬರ್ತದೋ ಹಂಗೆ ಮಾಡ್ಬೇಕಮ್ಮ. ಅದೇ ರೂಲು. ಕಂಪ್ಯೂಟರ್‌ಗಿಂತ ನಿಂಗೆ ಜಾಸ್ತಿ ಗೊತ್ತಾ?"

"ಗೊತ್ತಿಲ್ಲ ಸಾರ್. ಆದ್ರೆ ಮೂಗೈತಲ್ಲ."

"ಹುಯ್ಕೋ" ಎಂದು ಫೋನ್ ಇಟ್ಟ. ಇಟ್ಟ ಮೇಲೆ ರಿಸೀವರನ್ನೂ ಒರೆಸಿದ. ಸೆಂಟರಿನವರು ದಿನಕ್ಕೆ ಇಪ್ಪತ್ತು ಸಲ ಇಂಥ ಪ್ರಶ್ನೆ ಕೇಳುತ್ತಾರೆ, ಉತ್ತರ ಗೋಡೆಯ ಮೇಲೆ ಅಚ್ಚಾಗಿದೆ. ಇದರಿಂದ ಏನೂ ಆಗದು ಎಂದು ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. ಇಂದ್ರಮ್ಮ ಕರೆ ಮಾಡಿದ್ದ ಮಾತನ್ನು ಮುಂದೆ ಯಾರೂ ಎತ್ತಲಿಲ್ಲ.

ಫೈಲು ಕಳಿಸಿದ ಹತ್ತನೆಯ ದಿನ ಬೆಳಿಗ್ಗೆ ಮೆಟ್ಟಿಲಿನಲ್ಲೇ ವಾಸನೆ ಹೊಡೆಯಿತು. ಕೆಳಗೆ ಆರು ತೊಟ್ಟಿ ಮೊಸರು ಹೆಪ್ಪಾಗದೆ ನೀರೊಡೆದು, ಸಿಂಬಳದಂತೆ ಲೋಳೆ ಲೋಳೆಯಾಗಿ ನಿಂತಿತ್ತು. ಮೇಲೆ ಹಸಿರುಗಪ್ಪು ನೊರೆ. ಕೆಲಸದವರು ಮೂಗಿಗೆ ಟವೆಲ್ ಕಟ್ಟಿಕೊಂಡು ಅದನ್ನು ಮೋರಿಗೆ ನೂಕುತ್ತಿದ್ದರು. ಚಲಪತಿಗೆ ವಾಂತಿ ಬಂತು. ಬಚ್ಚಲಿನಲ್ಲಿ ಬಗ್ಗಿ ನಿಂತಾಗಲೂ ಅವನೊಳಗೆ ಒಂದು ಶಾಂತಿ ಇತ್ತು.

ಹನ್ನೊಂದು ಗಂಟೆಗೆ ವೆಂಕಟೇಶಪ್ಪ ಇಬ್ಬರನ್ನೂ ಕರೆದರು. ಲ್ಯಾಬಿನವರು ಔಷಧಿ ಎಂದು ಆಗಲೇ ಹೇಳಿದ್ದರು. ತಡೆಪಟ್ಟಿಯ ಫೈಲು ಗೋಡೆಯ ತೆರೆಯ ಮೇಲಿತ್ತು, ಮೊದಲ ಸೂಜಿಯ ಸಾಲು ಹಳದಿ ಬಣ್ಣದಲ್ಲಿ.

"ಈ ಸಾಲು ಬರ್ದೋರಿಗೆ ಹಸು ಅಂದ್ರೆ ಏನು ಅಂತಾನೂ ಗೊತ್ತಿಲ್ಲ" ಎಂದರು ವೆಂಕಟೇಶಪ್ಪ. "ಕೂಸುಗಳು ಕುಡಿಯೋ ಹಾಲು ಕಣ್ರಪ್ಪ. ಮೇಲಿನೋರು ಇವತ್ತೇ ಒಂದ್ ಹೆಸ್ರು ಕೇಳ್ತಾವ್ರೆ. ಆ ಹೆಸ್ರಿನೋರು ನಾಳೆ ಇಲ್ಲಿರಲ್ಲ."

ಮೇಘಶ್ರೀ ತೆರೆಯನ್ನೇ ನೋಡುತ್ತಿದ್ದಳು. "ಸಾರ್, ಎರಡು ಫೈಲು ಅದಲುಬದಲಾಗಿದೆ. ನಾನೂ ನೋಡದೆ ಒಪ್ಪಿದೆ. ಯಾರು ಬರೆದರು ಅನ್ನೋದು ಬೇಡ. ಜೋಡಿಸೋವಾಗ ಆದ ತಪ್ಪು, ಇಬ್ಬರದ್ದೂ ಅಂತ ಬರೆದುಬಿಡೋಣ. ಅಲ್ಲವಾ ಚಲಪತಿ ಅವರೇ?"

ಅವಳು ತನ್ನ ಕಡೆ ತಿರುಗಿದ ರೀತಿಯಲ್ಲಿ ಬೇಡಿಕೆಯಿತ್ತು. ಹೆದರಿದ್ದಾಳೆ ಎಂದುಕೊಂಡ ಚಲಪತಿ. ಮುಳುಗುವವಳು ನನ್ನ ಕಾಲು ಹಿಡಿಯುತ್ತಿದ್ದಾಳೆ. ಅವನಿಗೆ ಅವಳ ಬಗ್ಗೆ ಇದ್ದ ಅಸಹ್ಯ ಇನ್ನೂ ಒಂದು ಪದರ ಗಟ್ಟಿಯಾಯಿತು.

"ಹೆಂಗಾಯ್ತದೆ ಮೇಡಂ? ಕಸ ಗುಡಿಸ್ದೋನ್ದಾ ತಪ್ಪು, ಹೇತೋರ್ದಾ?" ಎಂದ. ಮಾತು ಒರಟಾಯಿತು ಎನ್ನಿಸಿದರೂ ಹಿಂದೆಗೆಯಲಿಲ್ಲ. "ಈ ಸಾಲು ಬರ್ದೋರು ಯಾರೋ ಅವರೇ ಜವಾಬ್ದಾರಿ ಸಾರ್. ಇಟ್ಟೋನು ಅಲ್ಲ, ಒಪ್ದೋರೂ ಅಲ್ಲ. ಬರ್ದೋರು."

"ಬರ್ಕೊಡ್ತೀಯಾ?"

ಒಂದು ಹಾಳೆ ತೆಗೆದುಕೊಂಡು ಅದನ್ನೇ ಬರೆದು, ಸಹಿ ಹಾಕಿ, ತಾರೀಖು ಹಾಕಿ ಕೊಟ್ಟ. ಅಕ್ಷರ ಮುತ್ತಿನ ಹಾಗಿತ್ತು.

ವೆಂಕಟೇಶಪ್ಪ ಹಾಳೆಯನ್ನು ಓದಿ, "ಹಂಗಾರೆ ತೋರ್ಸಮ್ಮ" ಎಂದರು. ಮೇಘಶ್ರೀ ಫೈಲಿನ ಮೂಲೆಯ ಗುಂಡಿ ಒತ್ತಿದಳು. ಯಾವ ಸಾಲು ಯಾರು ಯಾವತ್ತು ಬರೆದದ್ದು ಎಂದು ಪಕ್ಕದಲ್ಲಿ ಸಾಲುಸಾಲಾಗಿ ತೋರಿಸುವ ಗುಂಡಿ ಅದು. ಫೈಲು ಎಷ್ಟು ಫೋಲ್ಡರ್ ದಾಟಿದರೂ, ಎಷ್ಟು ಹೆಸರು ಬದಲಿಸಿಕೊಂಡರೂ ಅದಕ್ಕೆ ಮರೆವಿಲ್ಲ. ಬೇರೆಯವರ ಫೈಲುಗಳ ಮೇಲೆ ಚಲಪತಿ ಅದನ್ನು ನೂರು ಸಲ ಒತ್ತಿದ್ದ. ಇದರ ಮೇಲೆ ಮಾತ್ರ, ಹೇಸಿಕೊಂಡು, ಒತ್ತಿರಲಿಲ್ಲ. ಅವಳು ಮುಖ್ಯಸ್ಥೆಯಾದ ಮೇಲೆ ಸೇರಿಸಿದ ನೆತ್ತಿಯ ಹೊಣೆಯ ಸಾಲೊಂದರ ಪಕ್ಕದಲ್ಲಿ ಮಾತ್ರ ಮೇಘಶ್ರೀ ಎಂದಿತ್ತು. ಅದರ ಕೆಳಗಿನ ನಲವತ್ತೊಂದು ಸಾಲುಗಳ ಪಕ್ಕದಲ್ಲೂ, ಹಳದಿ ಸಾಲಿನ ಪಕ್ಕದಲ್ಲೂ, ಒಂದೇ ಹೆಸರು, ಒಂದೇ ತಾರೀಖು: ಚಲಪತಿ, ಅವನು ಕೆಲಸಕ್ಕೆ ಸೇರಿದ ಹನ್ನೆರಡನೆಯ ದಿನ.