ನೀರು ಹೋಗ್ತೈತಿ ಅಂತ ಹೇಳ್ರಿ

"ಸರ್, ನೀವು ಸೈನ್ಸ್ ಓದಿದೋರು. ಬಚ್ಚಲ ಕಟ್ಟಿ ನೀರು ನಿಂತ್ರ ಏನು ಮಾಡಬೇಕ್ರಿ?"

ಸುಕನ್ಯಾ ಕೇಳಿದ್ದು ಬರೀ ಮಾತಿಗೆ. ತಾನೂ ಪಾಠ ಹೇಳುತ್ತಿದ್ದ ಕೊಟ್ಟೂರಿನ ಆ ಇಂಗ್ಲಿಷ್ ಮೀಡಿಯಂ ಶಾಲೆಯ ಸ್ಟಾಫ್ ರೂಮಿನಲ್ಲಿ ಭೀಮರಾಜ ಸರ್ ಜೊತೆ ಮಾತಾಡಲು ಅವಳಿಗೆ ದಿನಕ್ಕೊಂದು ನೆಪ ಬೇಕಿತ್ತು. ಊರಿಗೆ ಆಗಷ್ಟೇ ಮೊಬೈಲು ಬಂದಿದ್ದ ಕಾಲ, ಅವಳ ಕೈಗಿನ್ನೂ ಬಂದಿರಲಿಲ್ಲ. ಶನಿವಾರದ ನೆಪ ಮನೆಯ ಬಚ್ಚಲು. ಅವನು ಎಂದಿನಂತೆ ಅವಳ ಉದ್ದನೆಯ ಜಡೆಯ ತುದಿಯವರೆಗೆ ನೋಡಿ, ಸಿಕ್ಕಿಬಿದ್ದವನಂತೆ ಪುಸ್ತಕಕ್ಕೆ ತಿರುಗಿ ನಗುತ್ತಾನೆ ಅಂದುಕೊಂಡಿದ್ದಳು.

ಭೀಮರಾಜ ನಗಲಿಲ್ಲ. ಪೆನ್ನಿನ ಕ್ಯಾಪು ಹಾಕಿದ.

"ಯಾರು ಹೇಳಿದ್ರು ನಿಮಗ?"

"ಏನನ್ರಿ?"

"ನಮ್ಮಪ್ಪನ ಕೆಲಸ."

ಅವಳು ಕಣ್ಣು ಪಿಳಿಪಿಳಿ ಬಿಟ್ಟಾಗ ಅವನೇ ಮೆತ್ತಗಾದ. "ಖರೇನ ಗೊತ್ತಿಲ್ಲೇನು? ನಿಮ್ಮ ಮನಿ ಬಚ್ಚಲ ತಗಿಯಾಕ ಬರ್ತಾನಲ್ರಿ ಗಂಗಪ್ಪ, ಅವನ ಮಗ ನಾನು."

ಹೇಗೆ ಗೊತ್ತಿರಬೇಕು? ಅವನು ಓದಿದ್ದೆಲ್ಲ ಕೂಡ್ಲಿಗಿಯ ಹಾಸ್ಟೆಲಿನಲ್ಲಿ. ಗಂಗಪ್ಪನನ್ನು ಮಾತ್ರ ಅವಳು ಬಲ್ಲಳು. ಹಿತ್ತಲ ಬಾಗಿಲಲ್ಲಿ ಅವನು ಬೊಗಸೆ ಒಡ್ಡಿದರೆ ಚೊಂಬನ್ನು ಎತ್ತರ ಹಿಡಿದು ಕುಡಿಯಲು ನೀರು ಹುಯ್ಯುವುದು ಚಿಕ್ಕಂದಿನಿಂದ ಅವಳ ಕೆಲಸ. ಒಂದು ಹನಿ ಚೆಲ್ಲದೆ ಹುಯ್ಯುತ್ತಾಳೆಂದು ಮನೆಯಲ್ಲಿ ಹೊಗಳಿಕೆಯೂ ಇತ್ತು. ಈಗ ಅದು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

"ನಾಳೆ ಕರೀತಾರೇನು ನಮ್ಮಪ್ಪನ್ನ?"

"ನಾಳೆ ನನ್ನ ನೋಡಾಕ ಹರಪನಹಳ್ಳಿಯಿಂದ ಬರ್ತಾರ್ರಿ. ಅಷ್ಟರೊಳಗ ಬಚ್ಚಲ ಸರಿ ಆಗಬೇಕು ಅಂತಾಳ ಅವ್ವ."

ಎರಡು ಸುದ್ದಿಯನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಯಾವುದು ಅವನಿಗೆ ಹೆಚ್ಚು ನಾಟಿತೋ ತಿಳಿಯಲಿಲ್ಲ.

"ನಾನು ಕರಿಯಾಕ ಬಿಡಂಗಿಲ್ಲ. ಹೇಳಿಕೊಡ್ರಿ, ನಾನ ತಗೀತೀನಿ."

"ನೀವು?"

"ಯಾಕ್ರಿ, ನನ್ನ ಕೈ ಸವೀತಾವೇನು?"

ಈಗ ನಕ್ಕ. "ಆಸಿಡ್ ಹಾಕಬ್ಯಾಡ್ರಿ, ಕೈ ಸುಡ್ತೈತಿ. ಜಾಲರಿ ತಗದು, ತುದಿ ಬಗ್ಗಿಸಿದ ತಂತಿ ಒಳಗ ಬಿಟ್ಟು ತಿರುವಿ ಎಳೀರಿ. ಆಮ್ಯಾಲ ಅಡಿಗಿ ಸೋಡಾ, ಅದರ ಮ್ಯಾಲ ಲಿಂಬಿಹಣ್ಣಿನ ರಸ. ನೊರಿ ಇಳಿದ ಮ್ಯಾಲ ಬಿಸಿನೀರು ಹುಯ್ರಿ." ಅವಳ ಜಡೆಯ ಕಡೆ ನೋಡಿ ಅಂದ, "ಒಳಗ ಸಿಗೂದು ನಿಮ್ಮ ಕೂದಲನ. ಅಂಥಾ ಜಡಿ ಇದ್ರ ಬಚ್ಚಲ ಕಟ್ಟದ ಏನು ಮಾಡೀತು?"

"ಹಂಗಾರ ಕತ್ತರಿಸಿಬಿಡ್ಲೇನ್ರಿ?"

"ಬ್ಯಾಡ್ರಿ," ಅಂದ, ಬೇಕಾದ್ದಕ್ಕಿಂತ ಬೇಗ.

ಅವನು ಇಲ್ಲಿಯವರೆಗೆ ಅವಳಲ್ಲಿ ಬೇಡಿದ್ದು ಇದೊಂದೇ. ಹುಚ್ಚು ಹುಡುಗಿ, ಅಷ್ಟನ್ನೇ ನೆನೆಸಿಕೊಂಡು ಮನೆಯವರೆಗೂ ನಗುತ್ತ ಹೋದಳು.

ಭಾನುವಾರ ಬೆಳಿಗ್ಗೆ ಅಪ್ಪ ಅಂಗಡಿಗೆ ಹೋದದ್ದೇ ತಡ, ದುಪ್ಪಟ್ಟಾ ಸೊಂಟಕ್ಕೆ ಬಿಗಿದು ಬಚ್ಚಲಲ್ಲಿ ಕೂತಳು. ತಂತಿಗೆ ಮೊದಲು ಏನೂ ಸಿಗಲಿಲ್ಲ. ತಿರುವಿ ಎಳೆದಾಗ ಸೀಗೆಪುಡಿ, ಸೋಪು ಮೆತ್ತಿದ ಕೂದಲಿನ ಉಂಡೆ ಬಂತು, ನಾತಕ್ಕೆ ಮುಖ ಆಚೆ ತಿರುಗಿಸಿದಳು. ಗಂಗಪ್ಪ ಇಷ್ಟು ವರ್ಷ ಎಳೆದು ಹಾಕಿದ್ದು ಇದನ್ನೇ. ಸೋಡಾ ಸುರಿದಳು, ಲಿಂಬೆ ಹಿಂಡಿದಳು, ನೊರೆ ಇಳಿದ ಮೇಲೆ ಹಂಡೆಯ ಬಿಸಿನೀರು ಹುಯ್ದಳು. ನಿಂತಿದ್ದ ನೀರು ಗುಳುಕ್ಕೆಂದು ಸರ್ರನೆ ಇಳಿಯಿತು. ಒಬ್ಬಳೇ ನಕ್ಕಳು.

"ಯಾರು ಕಲಿಸಿದ್ರು ಇದನ್ನ?" ಬಾಗಿಲಲ್ಲಿ ಅವ್ವ ನಿಂತಿದ್ದಳು.

"ಭೀಮರಾಜ ಸರ್," ಎಂದಳು, ನಗು ಇನ್ನೂ ಮುಖದಲ್ಲಿರುವಾಗಲೇ.

ಹೆತ್ತ ಕಣ್ಣಿಗೆ ಅಷ್ಟು ಸಾಕಾಯಿತು. ಮಗ ಭೀಮರಾಜ ಮಾಸ್ತರನಾದ ಸುದ್ದಿಯನ್ನು ಗಂಗಪ್ಪ ಹಿಂದಿನ ಸಲವೇ ಹಿತ್ತಲಲ್ಲಿ ನಿಂತು ಹೇಳಿ ಹೋಗಿದ್ದ. ಅವ್ವ ಬೈಯಲಿಲ್ಲ. ಚೊಂಬು ತುಂಬಿ, ಎತ್ತರ ಹಿಡಿದು, ಮುಟ್ಟದೆ ಮಗಳ ಕೈಗೆ ನೀರು ಹುಯ್ದಳು.

"ನಿಮ್ಮಪ್ಪಗ ನಾನು ಹೇಳಂಗಿಲ್ಲ. ಹೇಳಿದ್ರ ನಿನಗೇನೂ ಆಗಂಗಿಲ್ಲ, ಆ ಹುಡುಗನ ಮನಿ ಉಳಿಯಂಗಿಲ್ಲ. ಇವತ್ತು ಬರೋರು ಕೇಳಿದ್ರ ಹೂಂ ಅನ್ನು. ನಾಳಿಂದ ಶಾಲಿ ಬ್ಯಾಡ."

ಅವ್ವ ಬರೀ ಹೆದರಿಸುತ್ತಿಲ್ಲ, ಆಗುವುದನ್ನೇ ಹೇಳುತ್ತಿದ್ದಾಳೆ ಎಂದು ಸುಕನ್ಯಾಗೂ ಗೊತ್ತಿತ್ತು. ಭೀಮರಾಜನ ಮೇಲೆ ತನಗಿರುವುದು ಪ್ರೀತಿ ಎಂದು ಅವಳು ಮನಸ್ಸಿನಲ್ಲಿ ಒಪ್ಪಿಕೊಂಡದ್ದು ಆಗಲೇ, ಅದನ್ನು ಬಿಡಬೇಕಾದ ಗಳಿಗೆಯಲ್ಲಿ.

ಸೀರೆ ಉಟ್ಟು ಮಲ್ಲಿಗೆ ಮುಡಿಯುವಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಅವ್ವ ನಿನ್ನೆಯೇ ಹೇಳಿ ಕಳಿಸಿದ್ದಳು.

"ಬಚ್ಚಲ ಕಟ್ಟೈತಂತಲ್ಲವ್ವಾ," ಅಂದ ಗಂಗಪ್ಪ.

"ನಾನ ತಗದೀನ್ರಿ."

ಅವನು ಅವಳ ಉಗುರಿನ ಕಪ್ಪು ನೋಡಿದ. "ಹೋಗಬ್ಯಾಡಪ್ಪ, ಈ ಸಲ ನಿನ್ನ ಕರಿಯಂಗಿಲ್ಲ ಅಂದಿದ್ದ ನಮ್ಮ ಹುಡುಗ. ನಾನ ನಂಬಲಿಲ್ಲ."

ಸುಕನ್ಯಾ ಚೊಂಬು ತಂದು ಅವನ ಕೈಗೇ ಕೊಟ್ಟಳು. ಗಂಗಪ್ಪ ಅದನ್ನು ಒಮ್ಮೆ, ಅಡುಗೆಮನೆಯ ಕಡೆಗೊಮ್ಮೆ ನೋಡಿ, ಮೆಲ್ಲಗೆ ಕಲ್ಲಿನ ಮೇಲಿಟ್ಟು ಹಿಂದೆ ಸರಿದು ಬೊಗಸೆ ಒಡ್ಡಿದ. "ಹುಯ್ಯವ್ವಾ. ನಿಮ್ಮವ್ವ ನೋಡ್ಯಾಳು."

ಹುಯ್ದಳು. ಈ ಸಲ ಬಹಳ ಚೆಲ್ಲಿತು.

ಮುಂಬಾಗಿಲಲ್ಲಿ ಜೀಪು ನಿಂತಿತು. ಅವ್ವ ಒಳಗಿನಿಂದ ಕರೆದಳು.

"ಹುಡುಗಗ ಏನರ ಹೇಳೂದೈತೇನವ್ವಾ?" ಗಂಗಪ್ಪ ನೆಲ ನೋಡುತ್ತ ಕೇಳಿದ.

"ನೀರು ಹೋಗ್ತೈತಿ ಅಂತ ಹೇಳ್ರಿ."

"ಅಷ್ಟನಾ?"

"ಅಷ್ಟ ರೀ."

ಗಂಗಪ್ಪ ಹೋದ. ಸುಕನ್ಯಾ ಕೈ ಒರೆಸಿಕೊಂಡು, ಉಗುರು ಕಾಣದ ಹಾಗೆ ಚಹದ ತಟ್ಟೆ ಹಿಡಿದು ನಡುಮನೆಗೆ ನಡೆದಳು.