ವಾರ್ತುಹಿಯ ಗದ್ದ

ಮೇ ತಿಂಗಳ ಎರಡನೇ ಸೋಮವಾರ, ಸಂಜೆ ನಾಲ್ಕೂವರೆ. ಅಡಿಲೇಡಿನ ಉತ್ತರ ಭಾಗದ ಪೊಲೀಸ್ ಠಾಣೆಗೆ ಪ್ರಾಸ್ಪೆಕ್ಟ್ ಬಡಾವಣೆಯಿಂದ ಗಂಡ ಹೆಂಡತಿ ಇಬ್ಬರು ಬಂದರು. ಹೆಂಡತಿ ಇಂದುಮತಿಯ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೊಂದು ಫೋಟೊ. ಗಂಡ ಉದಯಶಂಕರ್ ಸ್ಯಾಲಿಸ್‌ಬರಿಯ ಕಂಪನಿಯೊಂದರಲ್ಲಿ ಎಂಜಿನಿಯರ್. ಡಿಟೆಕ್ಟಿವ್ ಮಾಲವಿಕಾಳ ಕೊರಳಿನ ಗುರುತಿನ ಚೀಟಿಯಲ್ಲಿದ್ದ ಹೆಸರು ಓದಿದವನೇ ಅವನು ನೇರ ಕನ್ನಡಕ್ಕೆ ಇಳಿದ.

"ಮೇಡಂ, ಮೊದ್ಲು ಎಫ್‌ಐಆರ್ ಹಾಕ್ಕೊಳ್ಳಿ."

"ಇಲ್ಲಿ ಅದಕ್ಕೆ ರಿಪೋರ್ಟ್ ಅಂತಾರೆ. ಕೂತ್ಕೊಳ್ಳಿ. ಏನಾಯ್ತು?"

ಮಾಲವಿಕಾಳ ತಂದೆ ಮೈಸೂರಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದವರು. ಎಫ್‌ಐಆರ್ ಎಂಬ ಮೂರಕ್ಷರ ಕಿವಿಗೆ ಬೀಳುವ ತನಕ ನಮ್ಮವರಿಗೆ ಪೊಲೀಸರು ಕೆಲಸ ಶುರುಮಾಡಿದರು ಎಂಬ ನಂಬಿಕೆಯೇ ಬರುವುದಿಲ್ಲವೆಂದು ಅವಳಿಗೆ ಗೊತ್ತು. ಬಂದ ನಗುವನ್ನು ನುಂಗಿಕೊಂಡು ಚೀಲ ತೆಗೆದುಕೊಂಡಳು. ಫೋಟೊ ನೋಡಿದ ಮೇಲೆ ನುಂಗಲು ನಗು ಉಳಿದಿರಲಿಲ್ಲ.

ಸಮುದ್ರದ ದಂಡೆ. ಉದಯಶಂಕರ್, ಇಂದುಮತಿ, ನಡುವೆ ಹತ್ತು ವರ್ಷದ ಮಗಳು ಅನನ್ಯಾ. ಅಪ್ಪ ಮಗಳ ಮುಖಕ್ಕೆ ಏನೂ ಆಗಿಲ್ಲ. ಇಂದುಮತಿಯ ಗದ್ದವನ್ನು ಮಾತ್ರ ಯಾರೋ ಸೂಜಿಯಿಂದ ಚುಚ್ಚಿ ಚುಚ್ಚಿ ಕೆರೆದಿದ್ದರು. ತುಟಿಯ ಕೆಳಗೆ ಬಿಳಿ ಕಾಗದ ಕಾಣುತ್ತಿತ್ತು.

"ಎಲ್ಲಿತ್ತು ಇದು?"

"ನಮ್ಮ ಫ್ರಿಜ್ ಮೇಲೆ, ಮ್ಯಾಗ್ನೆಟ್ ಹಾಕಿ," ಎಂದಳು ಇಂದುಮತಿ. "ಬೆಳಿಗ್ಗೆ ಚೆನ್ನಾಗೇ ಇತ್ತು. ಅಂಗಡಿಗೆ ಹೋಗ್ಬಂದು ಹಾಲಿಡೋಕೆ ಹೋದ್ರೆ ಹೀಗಿದೆ. ಕೆರೆದು ವಾಪಸ್ ಅಲ್ಲೇ ಹಾಕಿಟ್ಟಿದಾರೆ ಮೇಡಂ. ನಾನು ನೋಡ್ಲಿ ಅಂತ."

"ಏನಾದ್ರೂ ಕಳುವಾಗಿದ್ಯಾ?"

"ಒಂದೇ. ನನ್ನ ಟೇಬಲ್ ಮೇಲಿದ್ದ ಹಳೇ ಫೋಟೊ. ಅದು ನಮ್ದಲ್ಲ, ಬೇರೆಯವರ ಅಜ್ಜೀದು."

ವಿಷಯ ಹೀಗೆ. ಇಂದುಮತಿ ಹಾಳಾದ ಹಳೆಯ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಸರಿಪಡಿಸುವ ಕೆಲಸ ಬಲ್ಲವಳು. ಪಕ್ಕದ ಮನೆಯ ಶುಷಾನ್ ಆಂಟಿ ಅರ್ಮೇನಿಯನ್ ಮುದುಕಿ, ವಯಸ್ಸು ಎಂಬತ್ತಾರು. ಆಕೆಯ ತಮ್ಮನ ಮಗಳು ನಾಯಿರಿ ಬ್ರಿಸ್ಬೇನಿನ ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಊರು ಕಳೆದುಕೊಂಡು ದೇಶದೇಶಕ್ಕೆ ಚದುರಿದ ಅರ್ಮೇನಿಯನ್ ಮನೆತನಗಳಿಗೆ ಉಳಿದಿರುವ ಆಸ್ತಿಯೆಂದರೆ ಫೋಟೊಗಳು. ಅವನ್ನು ಪರ್ತ್, ಬ್ರಿಸ್ಬೇನ್, ಅಡಿಲೇಡಿನ ಮನೆಗಳಿಂದ ಕಲೆಹಾಕಿ ಆಗಸ್ಟಿನಲ್ಲಿ ಪ್ರದರ್ಶನ ಮಾಡಬೇಕೆಂದು ನಾಯಿರಿಯ ಆಸೆ. ಹಾಳಾದವನ್ನು ಸರಿಪಡಿಸುವ ಕೆಲಸವನ್ನು ಇಂದುಮತಿಗೆ ವಹಿಸಿದ್ದಳು. ಕಳುವಾದದ್ದು ನಾಯಿರಿಯ ಅಜ್ಜಿ, ಅಂದರೆ ಶುಷಾನಳ ತಾಯಿ, ವಾರ್ತುಹಿಯ ಫೋಟೊ. ಆಕೆ ಬದುಕಿನಲ್ಲಿ ತೆಗೆಸಿಕೊಂಡದ್ದು ಅದೊಂದೇ. ಪ್ರತಿ ಇದ್ದದ್ದು ಮೂರು, ಮೂರು ಊರಿನ ಮೂರು ಮನೆಗಳಲ್ಲಿ.

ಐದೂವರೆಗೆ ಮಾಲವಿಕಾ ಮತ್ತು ಕಾನ್‌ಸ್ಟೆಬಲ್ ಡೇಲ್ ಇಂದುಮತಿಯ ಮನೆ ತಲುಪಿದರು. ಮೈಸೂರಿನಲ್ಲಾಗಿದ್ದರೆ ಇಬ್ಬರು ಪಂಚರನ್ನು ಕೂರಿಸಿಕೊಂಡು ಪಂಚನಾಮೆ ಬರೆಯಬೇಕಿತ್ತು. ಇಲ್ಲಿ ಡೇಲ್ ಎದೆಗೆ ಸಿಕ್ಕಿಸಿಕೊಂಡ ಕ್ಯಾಮೆರಾ ಆ ಕೆಲಸ ಮಾಡಿತು. ಬೀಗ ಒಡೆದಿಲ್ಲ. ಕಿಟಕಿಗಳು ಭದ್ರ. ಟೇಬಲ್ ಮೇಲಿದ್ದ ಚಿನ್ನದ ಬಳೆ ಹಾಗೇ ಇದೆ. ಫ್ರಿಜ್ ಮೇಲೆ ಸಿಕ್ಕ ಬೆರಳಚ್ಚುಗಳೆಲ್ಲ ಮನೆಯವರವು, ಜೊತೆಗೆ ದಿನವೂ ಬಂದುಹೋಗುವ ಪಕ್ಕದ ಮನೆಯ ಆಂಟಿಯವು.

ಆ ಆಂಟಿ ಆಗಲೇ ಬಂದಿದ್ದಳು. ತನ್ನ ಮನೆಯಿಂದ ಹಿತ್ತಾಳೆ ಪಾತ್ರೆಯಲ್ಲಿ ಕಾಫಿ ಕಾಸಿ ತಂದು, ಇಂದುಮತಿಯ ಕೈ ಹಿಡಿದುಕೊಂಡು ಸೋಫಾದ ಮೇಲೆ ಕುಳಿತಿದ್ದಳು.

"ಯಾರೋ ನೀನು ಈ ಕೆಲಸ ಮಾಡೋದು ಬೇಡ ಅಂತಿದಾರೆ ಮಗಳೇ," ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು. "ಬಿಟ್ಟುಬಿಡು. ಸತ್ತವರ ಫೋಟೊಗೋಸ್ಕರ ಬದುಕಿರೋರು ಹೆದರಬಾರದು."

ಇಂದುಮತಿ ಮಾಲವಿಕಾಳ ಕಡೆ ತಿರುಗಿ, "ಇವರೊಬ್ರೇ ನಂಗೆ ಧೈರ್ಯ," ಎಂದಳು.

ಮಂಗಳವಾರ ಬೆಳಿಗ್ಗೆ ಮಾಲವಿಕಾ ಫೋನು ಹಿಡಿದಳು. ಎರಡನೇ ಪ್ರತಿ ಪರ್ತ್‌ನಲ್ಲಿ, ನಾಯಿರಿಯ ಅಣ್ಣ ಹ್ರಾಂತ್‌ನ ಮನೆಯಲ್ಲಿತ್ತು.

"ನಿಮ್ಮ ಅಜ್ಜಿಯ ಫೋಟೊ ಸರಿಯಾಗಿದೆಯಾ?"

"ಇಲ್ಲ. ಮಾರ್ಚಲ್ಲಿ ನನ್ನ ಮಗ ಹಾಳುಮಾಡಿದ. ತಾನಲ್ಲ ಅಂತಾನೆ, ಆದರೆ ಇನ್ಯಾರು?"

"ಎಲ್ಲಿ ಹಾಳಾಗಿದೆ?"

"ಗದ್ದದ ಹತ್ತಿರ. ಯಾಕೆ?"

ಮಾರ್ಚಿನಲ್ಲಿ ಮನೆಗೆ ಬಂದವರು ಯಾರೆಂದು ಕೇಳಿಕೊಂಡು ಮಾಲವಿಕಾ ಬ್ರಿಸ್ಬೇನಿಗೆ ಫೋನು ಮಾಡಿದಳು. ನಾಯಿರಿ ಫೋಟೊಗಳ ಡಬ್ಬ ತೆರೆದು ನೋಡಲು ಎದ್ದುಹೋದಳು. ಸ್ವಲ್ಪ ಹೊತ್ತಿನ ಮೇಲೆ ವಾಪಸ್ ಬಂದು ಹೇಳಿದಳು. ಅಲ್ಲೂ ಗದ್ದ ಬಿಳಿಯಾಗಿತ್ತು. ಈಸ್ಟರಿನಿಂದೀಚೆಗೆ ಆ ಡಬ್ಬ ಯಾರೂ ಮುಟ್ಟಿರಲಿಲ್ಲ. ಈಸ್ಟರಿಗೆ ಬಂದವರು ಯಾರು ಎಂದು ಕೇಳಿದ್ದಕ್ಕೆ, "ಹೊರಗಿನವರು ಯಾರೂ ಇಲ್ಲ, ಮನೆಯವರೇ," ಎಂದಳು. ಹ್ರಾಂತ್ ಕೂಡ ಅದನ್ನೇ ಹೇಳಿದ್ದ.

ಮಾಲವಿಕಾ ಫೋನಿಟ್ಟಳು. ಕಳ್ಳರನ್ನು, ಕುಡುಕರನ್ನು, ಹೆಂಡತಿಗೆ ಹೊಡೆಯುವವರನ್ನು ಅವಳು ಕಂಡಿದ್ದಳು. ಅವರಿಗೆಲ್ಲ ಬೇಕಾದದ್ದು ಏನೆಂದು ತಿಳಿಯುತ್ತದೆ. ಸತ್ತು ಐವತ್ತು ವರ್ಷವಾದ ಹೆಂಗಸಿನ ಗದ್ದವನ್ನು ಹುಡುಕಿಕೊಂಡು ಒಂದು ಖಂಡವನ್ನೇ ಅಡ್ಡಹಾಯುವವನಿಗೆ ಏನು ಬೇಕು? ಅವನು ಈಗ ಬದುಕಿರುವವಳ ಗದ್ದಕ್ಕೆ ಬಂದಿದ್ದಾನೆ. ಅವಳು ಇಂದುಮತಿಗೆ ಬೀಗ ಬದಲಾಯಿಸಲು ಹೇಳಿದಳು. ಅಂದು ಮನೆಗೆ ಹೋಗಿ ತನ್ನ ಬಾಗಿಲನ್ನೂ ಎರಡೆರಡು ಸಲ ಎಳೆದು ನೋಡಿದಳು.

ಗುರುವಾರ ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಮತ್ತೆ ಕರೆ ಬಂತು. ಇಂದುಮತಿ ಮಗಳನ್ನು ಸ್ಕೂಲಿನಿಂದ ಕರೆತರುವಷ್ಟರಲ್ಲಿ ಯಾರೋ ಒಳಗೆ ಬಂದುಹೋಗಿದ್ದರು. ಮಾಲವಿಕಾ ತಲುಪಿದಾಗ ತಾಯಿ ಮಗಳು ಮನೆಯ ಮುಂದಿನ ಹುಲ್ಲಿನ ಮೇಲೆ ಕುಳಿತಿದ್ದರು. ಒಳ್ಳೆ ಬಿಸಿಲು, ಎದುರು ಮನೆಯಲ್ಲಿ ಯಾರೋ ಕಾರು ತೊಳೆಯುತ್ತಿದ್ದರು, ಆದರೂ ಇಂದುಮತಿ ಗಡಗಡ ನಡುಗುತ್ತಿದ್ದಳು.

"ಹೊಸ ಬೀಗ ಮೇಡಂ. ಹೊಸ ಬೀಗ! ನಾನಿನ್ನು ಒಳಗೆ ಕಾಲಿಡಲ್ಲ."

"ಅಮ್ಮಾ, stop it, you're scaring me," ಎಂದು ಅನನ್ಯಾ ಅಳತೊಡಗಿದಳು.

ಒಳಗೆ ಕಂಪ್ಯೂಟರಿನ ಮೇಲೆ ಕಾಫಿ ಸುರಿದಿತ್ತು. ಗಂಡನೇ ಚೆಲ್ಲಿರಬೇಕು ಎಂದ ಡೇಲ್. ಮಾಲವಿಕಾ ಕೈಗವಸಿನ ಬೆರಳಿನಿಂದ ಕೀಬೋರ್ಡನ್ನು ಮುಟ್ಟಿದಳು. ಕೆಸರಿನಂಥ ಗಷ್ಟು ಅಂಟಿತು. ಈ ಮನೆಯಲ್ಲಿ ಇರುವುದು ಫಿಲ್ಟರ್ ಕಾಫಿ. ಫಿಲ್ಟರಿನ ಡಿಕಾಕ್ಷನ್‌ನಲ್ಲಿ ಪುಡಿ ಮೇಲೇ ಉಳಿಯುತ್ತದೆ, ಲೋಟದ ತಳದಲ್ಲಿ ಇಷ್ಟು ಗಷ್ಟು ಕಂಡರೆ ನಮ್ಮ ಹೆಂಗಸರು ಮಾನ ಹೋಯಿತೆಂದುಕೊಳ್ಳುತ್ತಾರೆ. ಇದು ಪುಡಿಯನ್ನು ನೀರಿನಲ್ಲೇ ಕುದಿಸಿ ಬಗ್ಗಿಸುವ ಕಾಫಿ. ಅವಳಿಗೆ ಸೋಮವಾರ ಕಂಡ ಹಿತ್ತಾಳೆ ಪಾತ್ರೆ ನೆನಪಾಯಿತು.

ಉದಯಶಂಕರ್ ಕೆಲಸದಿಂದ ಓಡಿಬಂದ. ಇಂದುಮತಿ ಸರಿಪಡಿಸಿದ್ದ ವಾರ್ತುಹಿಯ ಚಿತ್ರದ ಇನ್ನೊಂದು ಪ್ರತಿ ಅವನ ಲ್ಯಾಪ್‌ಟಾಪಿನಲ್ಲಿತ್ತು. ಹುಲ್ಲಿನ ಮೇಲೇ ಕೂತು ತೆರೆದರು. ತಲೆಗೆ ಸ್ಕಾರ್ಫ್ ಕಟ್ಟಿದ, ಮೂವತ್ತರ ಆಸುಪಾಸಿನ ಹೆಂಗಸು. ಕೆಳತುಟಿಯಿಂದ ಗದ್ದದ ತುದಿವರೆಗೆ ಗೆರೆಗಳು, ಗೆರೆಗಳ ಅಕ್ಕಪಕ್ಕ ಚುಕ್ಕಿಗಳು.

"ಅರೆ, ಹಚ್ಚೆ!" ಎಂದಳು ಮಾಲವಿಕಾ. "ನಮ್ಮಜ್ಜಿಗೂ ಗದ್ದದ ಮೇಲೆ ಇತ್ತು."

"ನಮ್ಮಜ್ಜಿಗೂ!" ಅಷ್ಟು ಹೆದರಿಕೆಯಲ್ಲೂ ಇಂದುಮತಿಯ ಮುಖ ಅರಳಿತು. "ಮೂಲ ಫೋಟೊದಲ್ಲಿ ಅಲ್ಲಿ ತೆಳ್ಳಗೆ ಬೂದು ಬಣ್ಣ ಮೆತ್ಕೊಂಡಿತ್ತು. ಕೊಳೆ ಅಂದ್ಕೊಂಡು ಕಂಪ್ಯೂಟರಲ್ಲಿ ತೆಗೀತಾ ಹೋದೆ, ಕೆಳಗೆ ಹಚ್ಚೆ ಬಂತು. ಎಷ್ಟು ಚೆನ್ನಾಗಿದೆ ಅಂತ ಇನ್ನೂ ಎದ್ದು ಕಾಣೋ ಹಾಗೆ ಮಾಡ್ದೆ. ಪ್ರದರ್ಶನಕ್ಕೆ ಗೋಡೆಯಷ್ಟು ದೊಡ್ಡದು ಮಾಡಿಸ್ಬೇಕು ಅಂತಿದೀನಿ."

"ಯಾರಿಗೆ ತೋರಿಸಿದ್ರಿ?"

"ಯಾರಿಗೂ ಇಲ್ಲ. ನಾಯಿರಿಗೂ ಆಗಸ್ಟಲ್ಲೇ ಸರ್‌ಪ್ರೈಸ್ ಅಂತ."

"ಯಾರಿಗೂ?"

"ಶುಷಾನ್ ಆಂಟಿಗೆ ಬಿಟ್ಟು. ಅವರ ಅಮ್ಮ ಅಲ್ವಾ? ಫೆಬ್ರವರೀಲೇ ತೋರಿಸ್ದೆ."

"ಹೊಸ ಬೀಗದ ಕೀ ಯಾರ ಹತ್ರ ಇದೆ?"

ಇಂದುಮತಿ ಗಂಡನ ಮುಖ ನೋಡಿದಳು, ಪಕ್ಕದ ಮನೆಯ ಮುಚ್ಚಿದ ಪರದೆ ನೋಡಿದಳು. ಬೀಗ ಬದಲಾಯಿಸಿದ ದಿನವೇ, ಅನನ್ಯಾ ಸ್ಕೂಲಿನಿಂದ ಬೇಗ ಬಂದರೆ ಇರಲಿ ಎಂದು, ಒಂದು ಕೀಯನ್ನು ತಾನೇ ಹೋಗಿ ಆಂಟಿಯ ಕೈಗೆ ಕೊಟ್ಟುಬಂದಿದ್ದಳು. ಕೈ ಹಿಡಿದು ಸಮಾಧಾನ ಮಾಡುತ್ತಿದ್ದವಳೇ ತನ್ನ ಮುಖಕ್ಕೆ ಸೂಜಿ ಚುಚ್ಚಿದವಳು ಎಂಬುದು ಅವಳ ತಲೆಗೆ ಇಳಿಯಲು ಹೊತ್ತು ಹಿಡಿಯಿತು.

ಐದು ಗಂಟೆಗೆ ಮಾಲವಿಕಾ ಪಕ್ಕದ ಮನೆಯ ಬಾಗಿಲು ತಟ್ಟಿದಳು. ಬಾಗಿಲು ಹಾಕಿರಲಿಲ್ಲ. ಶುಷಾನ್ ಅಡುಗೆಮನೆಯ ಕುರ್ಚಿಯಲ್ಲಿದ್ದಳು, ತೊಡೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಫೋಟೊ.

"ಪರ್ತ್‌ಗೆ ಯಾವಾಗ ಹೋಗಿದ್ದಿರಿ?"

"ಮಾರ್ಚಲ್ಲಿ. ಹ್ರಾಂತ್‌ನ ಎರಡನೇ ಮಗುವಿನ ದೀಕ್ಷಾಸ್ನಾನಕ್ಕೆ."

"ಬ್ರಿಸ್ಬೇನಿಗೆ?"

"ಈಸ್ಟರಿಗೆ."

"ಇದನ್ನ ಯಾಕೆ ಕೆರೆಯಲಿಲ್ಲ?"

ಮುದುಕಿ ಬಟ್ಟೆ ಬಿಚ್ಚಿದಳು. ಫೋಟೊ ಹಾಳಾಗಿರಲಿಲ್ಲ, ಗದ್ದದ ಮೇಲಿನ ಬೂದು ಬಣ್ಣವೂ ಹಾಗೇ ಇತ್ತು. "ಎರಡು ಸಲ ಕೈ ಬಂತು. ಇದು ಕೊನೇದು. ಇದೂ ಹೋದರೆ ನನಗೆ ಅಮ್ಮನೇ ಇಲ್ಲ," ಎಂದಳು.

ಐದೂ ಹತ್ತಕ್ಕೆ ಆಕೆಯನ್ನು ಬಂಧಿಸಲಾಯಿತು. ಮನೆಗೆ ಅತಿಕ್ರಮ ಪ್ರವೇಶ, ಕಳವು, ಆಸ್ತಿ ನಷ್ಟ, ಬೆದರಿಕೆ. ವಯಸ್ಸು ನೋಡಿ ಕೋಳ ಹಾಕಲಿಲ್ಲ. ಬೇಲಿಯ ಆಚೆ ಇಂದುಮತಿ ನಿಂತಿದ್ದಳು. ಕಾರು ಹತ್ತುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಠಾಣೆಯಲ್ಲಿ, ವಕೀಲೆಯ ಎದುರು, ಶುಷಾನ್ ಹೇಳಿಕೆ ಕೊಟ್ಟಳು. ವಾರ್ತುಹಿಗೆ ಒಂಬತ್ತು ವರ್ಷವಾಗಿದ್ದಾಗ, 1915ರ ಅರ್ಮೇನಿಯನ್ನರ ಹತ್ಯಾಕಾಂಡದಲ್ಲಿ, ಸೈನಿಕರು ಅವಳ ಊರಿನವರನ್ನೆಲ್ಲ ಮರುಭೂಮಿಗೆ ಅಟ್ಟಿದರು. ದಾರಿಯಲ್ಲಿ ಯಾವನೋ ಒಬ್ಬ ಅವಳನ್ನು ಎತ್ತಿಕೊಂಡು ಹೋದ. ಇವಳು ತನ್ನವಳು ಎಂಬುದಕ್ಕೆ ಗುರುತಾಗಿ ಅವಳ ಗದ್ದದ ಮೇಲೆ ಹಚ್ಚೆ ಹಾಕಿಸಿದ. ಏಳು ವರ್ಷದ ಮೇಲೆ ತಪ್ಪಿಸಿಕೊಂಡು ಅಲೆಪ್ಪೊ ನಗರ ಸೇರಿದಳು. ಅಲ್ಲಿ ಸ್ವಂತ ಜನವೇ ಆ ಗುರುತನ್ನು ನೋಡಿ ಮುಖ ತಿರುಗಿಸಿದರು. ಮದುವೆಯಾದ ಮೇಲೆ ತೆಗೆಸಿದ ಆ ಒಂದು ಫೋಟೊಗೆ ಸ್ಟುಡಿಯೊದವನು, ಅವಳು ಕೈಮುಗಿದು ಬೇಡಿಕೊಂಡಿದ್ದಕ್ಕೆ, ಕುಂಚದಿಂದ ಬಣ್ಣ ಬಳಿದುಕೊಟ್ಟಿದ್ದ.

"ಮನೇಲೂ ಸ್ಕಾರ್ಫ್ ಬಾಯಿವರೆಗೆ ಎಳ್ಕೊಂಡೇ ಇರೋಳು. ಊಟಕ್ಕೆ ಕೂತಾಗ ನಮಗೆ ಬೆನ್ನು ಹಾಕೋಳು. ಅದನ್ನ ನಾನು ಪೂರ್ತಿ ನೋಡಿದ್ದು ಅವಳು ಸತ್ತಾಗ, ಮೈ ತೊಳೆಯುವಾಗ. ಯಾರಿಗೂ ತೋರಿಸಬೇಡ, ಗಂಡಸರಿಗಂತೂ ಬೇಡವೇ ಬೇಡ ಅಂತ ಮಾತು ತಗೊಂಡಿದ್ದಳು. ಇಂದುಮತಿ ಒಳ್ಳೆ ಹುಡುಗಿ. ಎಷ್ಟು ಚೆಂದ ನೋಡಿ ಆಂಟಿ ಅಂದಳು. ಚೆಂದ! ಬಣ್ಣ ಹೀಗೆ ಕಿತ್ತುಬರುತ್ತೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು. ಅವಳಿಗೆ ಹೆದರಿಕೆಯಾದರೆ ಬಿಟ್ಟುಬಿಡ್ತಾಳೆ ಅಂದ್ಕೊಂಡೆ. ನನಗೂ ಹೆದರಿಕೆ. ಫೆಬ್ರವರಿಯಿಂದ ನಿದ್ದೆ ಇಲ್ಲ."

ಮಾಲವಿಕಾ ಅದನ್ನೆಲ್ಲ ದಾಖಲಿಸಿಕೊಂಡಳು. ಹಚ್ಚೆ ಎಂದು ತಾನೂ ಹಿಗ್ಗಿದ್ದು ನೆನಪಾಯಿತು. ಕೊನೆಗೆ, ನಿಯಮದಂತೆ, ಲ್ಯಾಪ್‌ಟಾಪಿನಲ್ಲಿ ಸಿಕ್ಕ ಚಿತ್ರದ ಮುದ್ರಿತ ಪ್ರತಿಯನ್ನು ಸಾಕ್ಷ್ಯದ ಲಕೋಟೆಗೆ ಹಾಕುತ್ತಿದ್ದಾಗ ಶುಷಾನ್ ಕೇಳಿದಳು.

"ಅದು ಎಲ್ಲಿಗೆ ಹೋಗುತ್ತೆ?"

"ಕೋರ್ಟಿಗೆ."

"ಯಾರು ನೋಡ್ತಾರೆ?"

ಸುಳ್ಳು ಹೇಳಲು ಮಾಲವಿಕಾಳಿಗೆ ಮನಸ್ಸಾಗಲಿಲ್ಲ. "ನ್ಯಾಯಾಧೀಶರು. ಎರಡೂ ಕಡೆಯ ವಕೀಲರು. ಗುಮಾಸ್ತರು."

ಶುಷಾನ್ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅದರಲ್ಲಿ ಗಂಡಸರು ಎಷ್ಟು ಜನ?"